ಹೆಸರು ಆರೆಂಜ್, ಬೆಳೆಯುವುದು ದ್ರಾಕ್ಷಿ: ಬೆಂಗಳೂರಿನಷ್ಟೇ ಎತ್ತರವಿದ್ದರೂ ವೈನ್ ಏಕೆ ಬೇರೆ?

ಪ್ಯಾರಾಮಟ್ಟಾ_ಪಯಣಿಗ (ಸೋಮವಾರ ರಾತ್ರಿ)

ತುಮಕೂರಿನಿಂದ ನಮ್ಮ ಮಾವನವರು ಬಂದಿದ್ದಾರೆ. ಸೇತುವೆ, ಒಪೆರಾ ಹೌಸ್, ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ ಎಲ್ಲವೂ ಮೊದಲ ವಾರದಲ್ಲೇ ಮುಗಿದವು. ಇನ್ನೇನು ತೋರಿಸುವುದೆಂದು ತೋಚದೆ, ಮೊನ್ನೆ ಶನಿವಾರ ಬ್ಲೂ ಮೌಂಟನ್ಸ್ ಹತ್ತಿಳಿದು, ಸಿಡ್ನಿಯಿಂದ ಸುಮಾರು 250 ಕಿಲೋಮೀಟರ್ ಪಶ್ಚಿಮಕ್ಕಿರುವ ಆರೆಂಜ್ ಎಂಬ ಊರಿಗೆ ಕರೆದುಕೊಂಡು ಹೋದೆ. ಹೆಸರು ಕೇಳಿ ಅವರು ಕೊಡಗಿನ ಕಿತ್ತಳೆ ತೋಟದಂಥದ್ದನ್ನು ಎಣಿಸಿಕೊಂಡಿದ್ದರು. ಅಲ್ಲಿ ನೋಡಿದರೆ ಸೇಬು, ಚೆರ್ರಿ, ದ್ರಾಕ್ಷಿ. ಕಿತ್ತಳೆಯ ಸುಳಿವೇ ಇಲ್ಲ. ಆ ಚಳಿಗೆ ಅದು ಒಗ್ಗುವುದಿಲ್ಲವಂತೆ. ಊರಿಗೆ ಹಣ್ಣಿನಿಂದ ಬಂದ ಹೆಸರಲ್ಲ ಅದು. ಥಾಮಸ್ ಮಿಚೆಲ್ ಎಂಬ ಸರ್ವೇಯರ್ ತಾನು ಯುದ್ಧಕಾಲದಲ್ಲಿ ಬಲ್ಲವನಾಗಿದ್ದ ಡಚ್ ರಾಜಕುಮಾರ, ಆರೆಂಜ್ ಮನೆತನದ ವಿಲಿಯಂನ ಹೆಸರನ್ನು ಇಟ್ಟನಂತೆ. ಮಾವನವರೂ ನಿವೃತ್ತ ಸರ್ವೇಯರ್. ಕಿತ್ತಳೆ ಕಾಣದ ಬೇಸರ ಅಲ್ಲಿಗೆ ಹೋಯಿತು.

ಕ್ಯಾನೊಬೊಲಸ್ ಬೆಟ್ಟದ ಇಳಿಜಾರಿನ ಒಂದು ತೋಟದಲ್ಲಿ ವೈನ್ ರುಚಿ ನೋಡಲು ಕುಳಿತೆವು. ಕಾರು ಓಡಿಸಬೇಕಾದ ನಾನು ಮೂಸಿ, ಬಾಯಲ್ಲಿ ಆಡಿಸಿ, ಉಗುಳುವ ಪಾತ್ರೆಗೆ ಉಗುಳಿದೆ. ಹೆಂಡತಿ ಕುಡಿದಳು. ಮಾವನವರು ಸೇಬಿನ ರಸ ತರಿಸಿಕೊಂಡರು. ಶಾರ್ಡೊನೆ ಎಂಬ ಬಿಳಿ ವೈನ್ ಸುರಿಯುತ್ತಿದ್ದ ಹೆಂಗಸು, "ನಮ್ಮದು ತಂಪು ಪ್ರದೇಶ, ಈ ತೋಟ 900 ಮೀಟರ್ ಎತ್ತರದಲ್ಲಿದೆ, ಮಣ್ಣು ಜ್ವಾಲಾಮುಖಿಯದು, ಅದಕ್ಕೇ ಈ ರುಚಿ" ಎಂದಳು. ಮಾವನವರು ಲೋಟ ಕೆಳಗಿಟ್ಟು, "ನಮ್ಮ ಬೆಂಗಳೂರು 920 ಮೀಟರ್. ನಂದಿ ಬೆಟ್ಟದ ಬುಡದಲ್ಲೂ ದ್ರಾಕ್ಷಿ ಬೆಳೆಯುತ್ತಾರೆ. ಹಾಗಾದರೆ ಅದೂ ತಂಪು ಪ್ರದೇಶವೋ?" ಎಂದು ಕೇಳಿದರು. ನಾನು ಅನುವಾದಿಸಿದೆ. ಅವಳು ನಕ್ಕಳು, ನಾನೂ ನಕ್ಕೆ, ಉತ್ತರ ಇಬ್ಬರ ಬಳಿಯೂ ಇರಲಿಲ್ಲ. ವಾಪಸು ಬರುವಾಗ ಲಿತ್ಗೋವರೆಗೂ ಅದೇ ಪ್ರಶ್ನೆ.

ಇಲ್ಲಿ ತೋಟದವರು, ಓದಿದವರು ಇದ್ದೀರಿ. ಮಾವನವರಿಗೆ ಒಪ್ಪಿಗೆಯಾಗುವ ಉತ್ತರ ಬೇಕು. ಅವರು ಸುಲಭಕ್ಕೆ ಒಪ್ಪುವವರಲ್ಲ.

ನಂದಿ_ತಪ್ಪಲು (ಮಂಗಳವಾರ ಬೆಳಿಗ್ಗೆ)

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಅವರು ಕೇಳಿದ್ದು ಸರಿಯಾಗಿಯೇ ಇದೆ. ದೊಡ್ಡಬಳ್ಳಾಪುರದ ಕಡೆ ನಮ್ಮದು ಎರಡು ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ಇದೆ. ಪಕ್ಕದಲ್ಲೇ ವೈನ್ ಕಂಪನಿಗೆ ಶಿರಾಜ್, ಕ್ಯಾಬರ್ನೆ ಎಂಬ ಕೆಂಪು ವೈನ್ ದ್ರಾಕ್ಷಿ ಬೆಳೆದುಕೊಡುವವರೂ ಇದ್ದಾರೆ. ನನಗೆ ಗೊತ್ತಿರುವ ವ್ಯತ್ಯಾಸ ಒಂದೇ: ನಮ್ಮ ಬಳ್ಳಿಗೆ ನಿದ್ದೆ ಇಲ್ಲ.

ಚಳಿ ದೇಶದಲ್ಲಿ ಎಲೆ ಉದುರಿ ಬಳ್ಳಿ ಮೂರು ನಾಲ್ಕು ತಿಂಗಳು ಸತ್ತಂತೆ ಮಲಗುತ್ತದೆ, ಮತ್ತೆ ತಾನಾಗಿಯೇ ಏಳುತ್ತದೆ. ನಮ್ಮಲ್ಲಿ ಅದನ್ನು ಕತ್ತರಿಯಿಂದಲೇ ಎಬ್ಬಿಸಬೇಕು. ಏಪ್ರಿಲ್ ಸುಮಾರಿಗೆ ಒಮ್ಮೆ ಕೊಂಬೆ ಬೆಳೆಸುವುದಕ್ಕೆ ಕತ್ತರಿಸುತ್ತೇವೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣಿಗೆಂದು ಇನ್ನೊಮ್ಮೆ. ನಾವು ಪ್ರೂನಿಂಗ್ ಎನ್ನುತ್ತೇವೆ, ವಿಜಯಪುರದವರು ಚಾಟನಿ ಎನ್ನುತ್ತಾರೆ. ವೈನ್ ದ್ರಾಕ್ಷಿಗೆ ವರ್ಷಕ್ಕೊಂದೇ ಬೆಳೆ ತೆಗೆಯುತ್ತಾರೆ. ನನ್ನ ಬೆಂಗಳೂರು ನೀಲಿಯಂತೂ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಗುರುತು ಸಿಕ್ಕ ಮೇಲೆ ಬೆಲೆ ಏನೂ ಏರಲಿಲ್ಲ, ಆ ಮಾತು ಬೇರೆ.

ಎತ್ತರ ಒಂದೇ ಇರಬಹುದು ಸ್ವಾಮಿ, ಆದರೆ ನಮ್ಮ ಹೊಲದ ಮೇಲೆ ಹಿಮ ಬಿದ್ದದ್ದನ್ನು ನಮ್ಮ ತಾತನೂ ಕಂಡಿಲ್ಲ.

ಹುಣಸೆ_ಮೇಷ್ಟರು (ಮಂಗಳವಾರ ಮಧ್ಯಾಹ್ನ)

ನಂದಿ_ತಪ್ಪಲು ಅವರು ಬೇರನ್ನೇ ಹಿಡಿದಿದ್ದಾರೆ. ನಾನು ರಸಾಯನಶಾಸ್ತ್ರ ಹೇಳಿಕೊಡುವವನು, ಅದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ.

100 ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 0.6 ಡಿಗ್ರಿ ಇಳಿಯುತ್ತದೆ. 900 ಮೀಟರಿಗೆ ಐದೂವರೆ ಡಿಗ್ರಿಯಷ್ಟಾಯಿತು. ಈ ವಜಾ ಬೆಂಗಳೂರಿಗೂ ಒಂದೇ, ಆರೆಂಜ್‌ಗೂ ಒಂದೇ. ಆದರೆ ಯಾರ ಗಂಟಿನಿಂದ ಕಳೆಯುತ್ತಿದ್ದೇವೆ ಎಂಬುದು ಮುಖ್ಯ. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ಉತ್ತರದಲ್ಲಿದೆ, ಆರೆಂಜ್ 33 ಡಿಗ್ರಿ ದಕ್ಷಿಣದಲ್ಲಿದೆ. ಚೆನ್ನೈನ ಸೆಕೆಯಿಂದ ಐದೂವರೆ ಕಳೆದರೆ ಬೆಂಗಳೂರಿನ ಹಿತವಾದ ಹವೆ ಸಿಗುತ್ತದೆ. ಸಿಡ್ನಿಯಿಂದ ಐದೂವರೆ ಕಳೆದರೆ ಜುಲೈನಲ್ಲಿ ಹಗಲು 10 ಡಿಗ್ರಿಯ ಆಸುಪಾಸು, ರಾತ್ರಿ ಸೊನ್ನೆಯ ಹತ್ತಿರ ಇರುವ ಊರು ಸಿಗುತ್ತದೆ. ಅಲ್ಲಿ ಬೇಸಿಗೆಯ ಜನವರಿಯಲ್ಲೂ ಹಗಲು 26–27 ಇದ್ದರೆ ರಾತ್ರಿ 12–13ಕ್ಕೆ ಇಳಿಯುತ್ತದೆ. ಹಣ್ಣು ಮಾಗುವ ಮಾರ್ಚ್–ಏಪ್ರಿಲ್‌ನಲ್ಲಿ ಇನ್ನೂ ತಂಪು. ನಮ್ಮ ನಂದಿಯಲ್ಲಿ ಹಣ್ಣು ಮಾಗುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಅಂದರೆ ದಿನದಿಂದ ದಿನಕ್ಕೆ ಬಿಸಿಲು ಏರುವಾಗ. ಅವರ ಹಣ್ಣು ಇಳಿಯುವ ಬಿಸಿಲಿನಲ್ಲಿ ಮಾಗುತ್ತದೆ, ನಮ್ಮದು ಏರುವ ಬಿಸಿಲಿನಲ್ಲಿ.

ಇದರಿಂದ ರುಚಿಗೆ ಏನಾಗುತ್ತದೆ ಎಂದರೆ, ಮೊದಲು ಹುಳಿಗೆ ಆಗುತ್ತದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಒಂದು ಟಾರ್ಟಾರಿಕ್, ನಮ್ಮ ಹುಣಸೆಹಣ್ಣಿನ ಹುಳಿ ಅದೇ. ಇನ್ನೊಂದು ಮ್ಯಾಲಿಕ್, ಕಾಯಿ ಸೇಬಿನ ಹುಳಿ. ಹುಣಸೆಯ ಹುಳಿ ಗಟ್ಟಿ ಆಸಾಮಿ, ಸೆಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ಸೇಬಿನ ಹುಳಿ ಹಾಗಲ್ಲ. ಮಾಗುವ ಹಣ್ಣು ಉಸಿರಾಡುವಾಗ ಅದನ್ನೇ ಉರುವಲಾಗಿ ಸುಡುತ್ತದೆ, ಹವೆ ಬೆಚ್ಚಗಿದ್ದಷ್ಟೂ ಹೆಚ್ಚು ಸುಡುತ್ತದೆ. ರಾತ್ರಿಯೂ ಬೆಚ್ಚಗಿದ್ದರೆ ಬಿಡುವೇ ಇಲ್ಲ. ತಂಪು ರಾತ್ರಿಯಲ್ಲಿ ಈ ಒಲೆ ಸಣ್ಣಗಾಗುತ್ತದೆ. ಹಾಗಾಗಿ ಸಕ್ಕರೆ ನಿಧಾನವಾಗಿ ಏರುತ್ತಿದ್ದರೂ ಹುಳಿ ಉಳಿದಿರುತ್ತದೆ. ಬಿಸಿ ಪ್ರದೇಶದ ವೈನ್ ಮಾಡುವವರು ಕಳೆದುಹೋದ ಹುಳಿಗೆ ಬದಲಾಗಿ ಟಾರ್ಟಾರಿಕ್ ಆಮ್ಲವನ್ನು ಪುಡಿಯಾಗಿ ಬೆರೆಸುವುದು ಸಾಮಾನ್ಯ. ಸಾರಿಗೆ ಹುಣಸೆರಸ ಸಾಲದಾಗ ಕೊನೆಯಲ್ಲಿ ಹಿಂಡಿದ ಹಾಗೆ. ಬೆಂದ ಹುಳಿಗೂ ಮೇಲೆ ಹಿಂಡಿದ ಹುಳಿಗೂ ಇರುವ ವ್ಯತ್ಯಾಸವನ್ನು ನಮ್ಮ ಮನೆಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಲೆಕ್ಕ_ಪಕ್ಕಾ (ಮಂಗಳವಾರ ಸಂಜೆ)

ಎಲ್ಲರೂ ಹೌದೆನ್ನುತ್ತಿದ್ದೀರಿ, ಒಬ್ಬರಾದರೂ ಅಲ್ಲ ಎನ್ನಬೇಕಲ್ಲ. ಎತ್ತರ ಎನ್ನುವುದು ಈಗ ಸೀಸೆಯ ಮೇಲೆ ಬರೆದು ಬೆಲೆ ಏರಿಸುವ ಪದವಾಗಿದೆ. ಅರ್ಜೆಂಟೀನಾದ ಸಾಲ್ತಾ ಪ್ರಾಂತದಲ್ಲಿ ಕೊಲೋಮೆ ಎಂಬವರ ತೋಟ 3,111 ಮೀಟರಿನಲ್ಲಿದೆ. ಅವರ ಮುಂದೆ 900 ಮೀಟರ್ ಯಾವ ಎತ್ತರ? ಇನ್ನು ಜ್ವಾಲಾಮುಖಿ ಮಣ್ಣಂತೆ! ಬಳ್ಳಿ ಬಸಾಲ್ಟ್ ಕಲ್ಲನ್ನು ಕುಡಿದು ಲೋಟಕ್ಕೆ ಸುರಿಯುತ್ತದೆಯೇ? ನಾನು ಮೆಲ್ಬರ್ನ್‌ನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಹೆಸರು ಮುಚ್ಚಿ ಕೊಟ್ಟರೆ ಹತ್ತರಲ್ಲಿ ಎಂಟು ಜನ ಯಾವ ಊರಿನ ವೈನ್ ಎಂದು ಹೇಳಲಾರರು. ನಾನೂ ಆ ಎಂಟರಲ್ಲೇ ಒಬ್ಬ.

ಕೊಯ್ಲಿನ_ಕೈ (ಮಂಗಳವಾರ ರಾತ್ರಿ)

ಲೆಕ್ಕ_ಪಕ್ಕಾ ಅವರೇ, ಮಣ್ಣಿನ ವಿಷಯದಲ್ಲಿ ನಿಮ್ಮ ಜೊತೆ ಅರ್ಧ ದಾರಿ ಬರುತ್ತೇನೆ. ಕ್ಯಾನೊಬೊಲಸ್ ಸುಮಾರು 1,395 ಮೀಟರ್ ಎತ್ತರದ, ಒಂದು ಕೋಟಿ ವರ್ಷಗಳಿಗೂ ಹಿಂದೆ ಆರಿದ ಜ್ವಾಲಾಮುಖಿ. ಅದರ ಸುತ್ತ ಆಳವಾದ ಕೆಂಪು ಮಣ್ಣಿದೆ, ನೀರು ನಿಲ್ಲುವುದಿಲ್ಲ. ಉಪಯೋಗ ಅಷ್ಟೇ. ಕಲ್ಲಿನ ರುಚಿ ಲೋಟಕ್ಕೆ ಬರುತ್ತದೆ ಎನ್ನುವುದನ್ನು ನಾನೂ ನಂಬುವುದಿಲ್ಲ. ಆ ಪ್ರದೇಶದಲ್ಲೇ ಸುಣ್ಣಕಲ್ಲಿನ ಜಾಗಗಳೂ ಇವೆ, ಅಲ್ಲಿಯೂ ಒಳ್ಳೆಯ ವೈನ್ ಆಗುತ್ತದೆ.

ಎತ್ತರದ ವಿಷಯ ಹಾಗಲ್ಲ. ವಾಗಾ ವಾಗಾದಲ್ಲಿ ವೈನ್ ವಿಜ್ಞಾನ ಓದುವಾಗ ಒಂದು ಕೊಯ್ಲಿನ ಕಾಲವನ್ನು ಆರೆಂಜ್‌ನಲ್ಲಿ ಕಳೆದೆ. ಅಲ್ಲಿ ಎತ್ತರ ಬರೀ ಜಾಹೀರಾತಲ್ಲ, ಕಾನೂನು. ಆರೆಂಜ್ ಪ್ರದೇಶದ ಗಡಿಯನ್ನೇ 600 ಮೀಟರಿನ ಸಮೋನ್ನತಿ ರೇಖೆಯಿಂದ, ಅಂದರೆ ಅಷ್ಟೇ ಎತ್ತರದ ಜಾಗಗಳನ್ನು ನಕ್ಷೆಯಲ್ಲಿ ಕೂಡಿಸುವ ಗೆರೆಯಿಂದ, ಎಳೆದಿದ್ದಾರೆ. ಅದಕ್ಕಿಂತ ಮೇಲಿನ ತೋಟದ ಹಣ್ಣಾದರೆ ಸೀಸೆಯ ಮೇಲೆ ಆರೆಂಜ್ ಎಂದು ಬರೆಯಬಹುದು. ಒಂದು ಸೀಸೆಯಲ್ಲಿ ಕನಿಷ್ಠ ಶೇಕಡಾ 85ರಷ್ಟು ಅಲ್ಲಿಯದೇ ಇರಬೇಕು. ಕೆಳಗಿನದಾದರೆ ಸೆಂಟ್ರಲ್ ರೇಂಜಸ್ ಎಂಬ ದೊಡ್ಡ ವಲಯದ ಹೆಸರೇ ಗತಿ. ಇದರ ತಮಾಷೆ ಏನೆಂದರೆ, ಮೊಲೊಂಗ್ ಹತ್ತಿರ ಒಂದು ದೊಡ್ಡ ತೋಟದ ನಡುವೆಯೇ ಈ ಗೆರೆ ಹಾದುಹೋಗುತ್ತದೆ. ಕ್ಯುಮುಲಸ್ ಎಂಬ ವೈನ್ ಕಂಪನಿಯವರು ಅದನ್ನೇ ಹೆಸರು ಮಾಡಿಕೊಂಡರು. ಗೆರೆಯ ಕೆಳಗಿನ ಹಣ್ಣಿಗೆ 'ರೋಲಿಂಗ್', ಮೇಲಿನದಕ್ಕೆ 'ಕ್ಲೈಂಬಿಂಗ್'. ಕೆಳಗೆ ಉರುಳುವುದು ಒಂದು, ಮೇಲೆ ಹತ್ತುವುದು ಇನ್ನೊಂದು.

ಎತ್ತರದ ಪರಿಣಾಮ ನೋಡಬೇಕೆಂದರೆ ಕೊಯ್ಲಿನ ದಿನಾಂಕ ನೋಡಿ. ಹಂಟರ್ ಕಣಿವೆಯಲ್ಲಿ ಜನವರಿಯಲ್ಲೇ ಕೊಯ್ಲು ಜೋರಾಗಿರುತ್ತದೆ. ಆರೆಂಜ್‌ನಲ್ಲಿ ನಾವು ಮಾರ್ಚ್‌ನಲ್ಲಿ ಶಾರ್ಡೊನೆ ಕೊಯ್ದೆವು, ಕೆಂಪು ದ್ರಾಕ್ಷಿ ಏಪ್ರಿಲ್‌ಗೆ ಬಂತು. ಎರಡೂ ಒಂದೇ ರಾಜ್ಯ, ಅಕ್ಷಾಂಶವೂ ಹೆಚ್ಚು ಕಡಿಮೆ ಒಂದೇ. ಹಾಗೆಯೇ 600 ಮೀಟರಿನ ತೋಟಕ್ಕೂ 1,000 ಮೀಟರಿನ ತೋಟಕ್ಕೂ ನಡುವೆ ಎರಡೂವರೆ ಡಿಗ್ರಿ ವ್ಯತ್ಯಾಸವಿದೆ. ಆದ್ದರಿಂದ ಕೆಳಗಿನ ತೋಟಗಳಲ್ಲಿ ಶಿರಾಜ್, ಕ್ಯಾಬರ್ನೆ. ಮೇಲಕ್ಕೆ ಹೋದಂತೆ ಶಾರ್ಡೊನೆ, ಪಿನೊ ನ್ವಾರ್, ರೀಸ್ಲಿಂಗ್. ತೀರಾ ಮೇಲೆ ಕ್ಯಾಬರ್ನೆ ಹಾಕಿದರೆ ಹಣ್ಣಾಗುವುದರೊಳಗೆ ಚಳಿ ಬಂದುಬಿಡುತ್ತದೆ, ವೈನ್‌ನಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ.

ಬೆಳಿಗ್ಗೆ ಏಳಕ್ಕೆ ಸಾಲಿಗೆ ಇಳಿದರೆ ಬೆರಳು ಮರಗಟ್ಟುತ್ತಿದ್ದವು. ಕತ್ತರಿ ಗೊಂಚಲಿಗೆ ತಾಗಿತೋ ಬೆರಳಿಗೆ ತಾಗಿತೋ ರಕ್ತ ನೋಡಿದ ಮೇಲೆಯೇ ತಿಳಿಯುವುದು. ಹತ್ತು ಗಂಟೆಗೆ ಸ್ವೆಟರ್ ಬಿಚ್ಚಬೇಕು. ಆ ಎತ್ತರದ ಬಿಸಿಲು ತಂಪೆಂದು ಮೋಸ ಹೋಗಬಾರದು, ಮೂಗು ಸುಟ್ಟು ಸಿಪ್ಪೆ ಏಳುತ್ತದೆ.

ಪ್ಯಾರಾಮಟ್ಟಾ_ಪಯಣಿಗ (ಮಂಗಳವಾರ ರಾತ್ರಿ)

600 ಮೀಟರಿನ ಗೆರೆಯ ಕಥೆಯನ್ನು ಮಾವನವರಿಗೆ ಓದಿ ಹೇಳಿದೆ. ಅಷ್ಟೊತ್ತೂ ದಿಂಬಿಗೆ ಒರಗಿದ್ದವರು ಎದ್ದು ಕುಳಿತರು. "ಸಮೋನ್ನತಿ ರೇಖೆಯನ್ನೇ ಗಡಿ ಮಾಡಿದ್ದಾರೆಯೇ? ಕಲ್ಲು ನೆಟ್ಟಿದ್ದಾರೆಯೇ? ಅಳೆದವರು ಯಾರು?" ಎಂದು ಮೂರು ಪ್ರಶ್ನೆ. ಕೊಯ್ಲಿನ_ಕೈ ಅವರೇ, ಕಲ್ಲು ನೆಟ್ಟಿದ್ದಾರೆಯೇ?

ಕೊಯ್ಲಿನ_ಕೈ (ಮಂಗಳವಾರ ರಾತ್ರಿ)

ನಾನು ಕೆಲಸ ಮಾಡಿದ ಕಡೆ ಯಾವ ಕಲ್ಲನ್ನೂ ಕಾಣಲಿಲ್ಲ. ಎಲ್ಲವೂ ನಕ್ಷೆಯ ಮೇಲೆ.

ಬರೀ_ನೀರು (ಬುಧವಾರ ಬೆಳಿಗ್ಗೆ)

ಕನ್ನಡಿಗರ ವೇದಿಕೆಯಲ್ಲಿ ಮದ್ಯದ ಬಗ್ಗೆ ಇಷ್ಟು ಉದ್ದದ ಚರ್ಚೆ ಬೇಕಿತ್ತೇ? ಊರಿನಲ್ಲಿ ಕುಡಿತದಿಂದ ಹಾಳಾದ ಮನೆಗಳನ್ನು ಕಂಡವನು ನಾನು. ಹುಳಿ, ಘಮ ಎಂದು ಚಂದದ ಮಾತಿನಲ್ಲಿ ಹೇಳಿದರೆ ಅದು ಬೇರೆ ಪದಾರ್ಥವಾಗುವುದಿಲ್ಲ.

ನಂದಿ_ತಪ್ಪಲು (ಬುಧವಾರ ಬೆಳಿಗ್ಗೆ)

ಬರೀ_ನೀರು ಅವರೇ, ನಿಮ್ಮ ಮಾತಿನಲ್ಲಿ ಸುಳ್ಳಿಲ್ಲ. ನಾನೂ ಕುಡಿಯುವುದಿಲ್ಲ, ನಮ್ಮ ಹಣ್ಣು ತಿನ್ನುವುದಕ್ಕೆ, ರಸಕ್ಕೆ ಹೋಗುತ್ತದೆ. ಆದರೆ ಪೇಟೆಯಲ್ಲಿ ಬೆಲೆ ಬಿದ್ದ ವರ್ಷ ಟೊಮೆಟೊದ ಹಾಗೆ ದ್ರಾಕ್ಷಿಯನ್ನೂ ರಸ್ತೆಗೆ ಸುರಿದದ್ದನ್ನು ಕಂಡಿದ್ದೇನೆ. ಬೆಳೆದವನಿಗೆ ಹಣ್ಣು ಎಲ್ಲಿಗೆ ಹೋಗುತ್ತದೆ, ಏಕೆ ಬೆಲೆ ಬರುತ್ತದೆ ಎಂದು ತಿಳಿಯುವ ಹಕ್ಕಿದೆ. ಅದಕ್ಕೆ ಓದುತ್ತಿದ್ದೇನೆ.

ನಿರ್ವಾಹಕ (ಬುಧವಾರ ಬೆಳಿಗ್ಗೆ)

ಚರ್ಚೆ ಕೃಷಿ ಮತ್ತು ಪ್ರವಾಸದ ವಿಭಾಗದಲ್ಲೇ ಇರಲಿ. ಕುಡಿತದ ಸಮಸ್ಯೆಗೆ ಪ್ರತ್ಯೇಕ ಎಳೆ ತೆರೆದಿದ್ದೇನೆ, ಬರೀ_ನೀರು ಅವರು ದಯವಿಟ್ಟು ಅಲ್ಲಿ ಬರೆಯಿರಿ. ಅಳಿಸುವಂಥದ್ದು ಇಲ್ಲಿ ಏನೂ ಇಲ್ಲ.

ಮೆಣಸಿನ_ಬಳ್ಳಿ (ಬುಧವಾರ ಸಂಜೆ)

ಸಕಲೇಶಪುರದಿಂದ. ಮಗ ಕ್ಯಾನ್‌ಬೆರಾದಲ್ಲಿದ್ದಾನೆ. ಕಳೆದ ಸಲ ಬರುವಾಗ ಇದೇ ಆರೆಂಜ್‌ನ ಶಿರಾಜ್ ತಂದಿದ್ದ. "ಅಪ್ಪಾ, ಮೂಸಿ ನೋಡಿ, ನಮ್ಮ ತೋಟದ ಕಾಳುಮೆಣಸಿನ ವಾಸನೆ ಬರುತ್ತದೆ" ಎಂದ. ಸೊಸೆಯೂ ಹೌದೆಂದಳು. ಪಕ್ಕದ ಎಸ್ಟೇಟಿನವರೂ ಹೌದೆಂದರು. ನನಗೆ ಏನೂ ಬರಲಿಲ್ಲ. ನಲವತ್ತು ವರ್ಷ ಮೆಣಸು ಕೊಯ್ದು, ಒಣಗಿಸಿ, ಮೂಟೆ ಕಟ್ಟಿದ ಮೂಗು ಇದು. ಹಾಗಾಗಿ ನನ್ನ ತೀರ್ಮಾನ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೌದೆನ್ನುತ್ತಾರೆ, ಅಷ್ಟೇ. ಲೆಕ್ಕ_ಪಕ್ಕಾ ಅವರ ಪಕ್ಷ ನನ್ನದು.

ಹುಣಸೆ_ಮೇಷ್ಟರು (ಬುಧವಾರ ರಾತ್ರಿ)

ಮೆಣಸಿನ_ಬಳ್ಳಿ ಅವರೇ, ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಬರಹ ನಿಮ್ಮದು. ನಿಮ್ಮ ಮಗನೂ ಸರಿ, ನೀವೂ ಸರಿ.

ಆ ವಾಸನೆಯ ವಸ್ತುವಿನ ಹೆಸರು ರೊಟಂಡೋನ್. ಶಿರಾಜ್‌ನ ಮೆಣಸಿನ ಘಮಕ್ಕೆ ಇದೇ ಕಾರಣ ಎಂದು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು ಪ್ರಕಟಿಸಿದ್ದು 2008ರಲ್ಲಿ. ಅದು ನಿಮ್ಮ ಕಾಳುಮೆಣಸಿನಲ್ಲೂ ಇರುವ ವಸ್ತುವೇ, ಹೋಲಿಕೆಯ ಮಾತಲ್ಲ. ಮೆಣಸಿನಲ್ಲಿ ಇರುವ ಪ್ರಮಾಣದ ಮುಂದೆ ವೈನ್‌ನಲ್ಲಿ ಇರುವುದು ಏನೇನೂ ಅಲ್ಲ. ಆದರೆ ಕೆಂಪು ವೈನ್‌ನ ಒಂದು ಲೀಟರಿಗೆ 16 ನ್ಯಾನೊಗ್ರಾಂ ಇದ್ದರೂ ಸಾಕು, ಮೂಗಿಗೆ ತಿಳಿಯುತ್ತದೆ. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಅದೇ ಅಧ್ಯಯನದಲ್ಲಿ ಮೂಸಿ ನೋಡಿದವರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ, ಎಷ್ಟು ಹೆಚ್ಚು ಬೆರೆಸಿದರೂ ಆ ವಾಸನೆ ತಿಳಿಯಲೇ ಇಲ್ಲ. ನೀವು ಆ ಐದನೆಯವರು ಎಂದು ನನ್ನ ಊಹೆ. ಮೆಣಸಿನಲ್ಲಿ ಘಮ ಕೊಡುವ ಬೇರೆ ವಸ್ತುಗಳು ಬೇಕಾದಷ್ಟಿವೆ, ಖಾರದ ಪೈಪರಿನ್ ಇದೆ. ಹಾಗಾಗಿ ನಲವತ್ತು ವರ್ಷ ನಿಮಗೆ ಏನೂ ಕೊರತೆ ಕಾಣಿಸಿರಲಿಕ್ಕಿಲ್ಲ.

ಇದು ಆರೆಂಜ್‌ಗೆ ಏಕೆ ಸಂಬಂಧಿಸಿದೆ ಎಂದರೆ, ರೊಟಂಡೋನ್ ದ್ರಾಕ್ಷಿಯ ಸಿಪ್ಪೆಯಲ್ಲಿ ಕೂಡುತ್ತದೆ. ತಂಪು ಹವೆ, ನೆರಳಿನಲ್ಲಿರುವ ಗೊಂಚಲು, ತಂಪಾದ ವರ್ಷ, ಇವೆಲ್ಲ ಇದ್ದರೆ ಹೆಚ್ಚು. ದಕ್ಷಿಣ ಆಸ್ಟ್ರೇಲಿಯಾದ ಬರೋಸಾದಂಥ ಬಿಸಿ ಪ್ರದೇಶದ ಶಿರಾಜ್ ದಪ್ಪ, ಬೆಲ್ಲದ ಪಾಕದ ಹಾಗೆ. ಆರೆಂಜ್‌ನದು ತೆಳು, ಹುಳಿ, ಮೆಣಸು. ಬಳ್ಳಿ ಒಂದೇ.

ಮೆಣಸಿನ_ಬಳ್ಳಿ (ಬುಧವಾರ ರಾತ್ರಿ)

ಇದನ್ನು ಮಗನಿಗೆ ತೋರಿಸುವುದಿಲ್ಲ. ತೋರಿಸಿದರೆ ಇನ್ನು ಹತ್ತು ವರ್ಷ ಅದನ್ನೇ ಹೇಳುತ್ತಾನೆ.

ಲೆಕ್ಕ_ಪಕ್ಕಾ (ಗುರುವಾರ ಬೆಳಿಗ್ಗೆ)

ಸರಿ, ನನ್ನ ಪಕ್ಷದ ಒಬ್ಬನೇ ಸದಸ್ಯರನ್ನೂ ಸೆಳೆದುಕೊಂಡಿರಿ. 3,111 ಮೀಟರಿನ ಪ್ರಶ್ನೆಗೆ ಮಾತ್ರ ಯಾರೂ ಉತ್ತರಿಸಲಿಲ್ಲ.

ಹುಣಸೆ_ಮೇಷ್ಟರು (ಗುರುವಾರ ಮಧ್ಯಾಹ್ನ)

ಉತ್ತರ ಮೊದಲಿನದೇ. ಸಾಲ್ತಾ ಇರುವುದು ಸುಮಾರು 25 ಡಿಗ್ರಿ ಅಕ್ಷಾಂಶದಲ್ಲಿ, ಆರೆಂಜ್‌ಗಿಂತ ಸಮಭಾಜಕಕ್ಕೆ ಹತ್ತಿರ. ಅಲ್ಲಿ ತಂಪು ಬೇಕೆಂದರೆ ಅಷ್ಟು ಮೇಲೆ ಹತ್ತಲೇಬೇಕು. ಜರ್ಮನಿಯಲ್ಲಿ 50 ಡಿಗ್ರಿಯ ಹತ್ತಿರ ರೀಸ್ಲಿಂಗ್ ನದಿಯ ದಂಡೆಯಲ್ಲೇ ಬೆಳೆಯುತ್ತದೆ, ಅಲ್ಲಿ 900 ಮೀಟರ್ ಹತ್ತಿದರೆ ದ್ರಾಕ್ಷಿ ಹಣ್ಣಾಗುವುದಿಲ್ಲ. ಎತ್ತರದಿಂದ ತಂಪನ್ನು ಕೊಂಡುಕೊಳ್ಳಬಹುದು, ಆದರೆ ಊರೂರಿಗೆ ದರ ಬೇರೆ. ನಮ್ಮ ಬೆಂಗಳೂರಿನಲ್ಲಿ ಆ ದರ ಬಹಳ ಹೆಚ್ಚು. ನಂದಿ ಬೆಟ್ಟದ ನೆತ್ತಿ 1,478 ಮೀಟರ್, ಅಲ್ಲಿಗೂ ಚಳಿಗಾಲ ಬರುವುದಿಲ್ಲ, ಬರುವುದು ಮಂಜು ಮತ್ತು ಭಾನುವಾರದ ಬೈಕುಗಳು.

ನಂದಿ_ತಪ್ಪಲು (ಗುರುವಾರ ಸಂಜೆ)

ಬೈಕಿನ ಮಾತು ನಿಜ. ಕೊಯ್ಲಿನ_ಕೈ ಅವರೇ, ಒಂದು ಪ್ರಶ್ನೆ. ಅಷ್ಟು ಚಳಿಯಲ್ಲಿ ಚಿಗುರು ಸುಡುವುದಿಲ್ಲವೇ? ಅಲ್ಲಿಯ ಬೆಳೆಗಾರನಿಗೆ ಭಯ ಯಾವುದರದು? ನಮಗೆ ದಾವಣಿ, ಬೂದಿ ಎಂಬ ಬಳ್ಳಿಯ ರೋಗಗಳು, ಕೊಯ್ಲಿನ ಮುಂದೆ ಬರುವ ಆಲಿಕಲ್ಲು.

ಕೊಯ್ಲಿನ_ಕೈ (ಗುರುವಾರ ರಾತ್ರಿ)

ಸುಡುತ್ತದೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಚಿಗುರು ಒಡೆದ ಮೇಲೆ ಒಂದು ರಾತ್ರಿ ಸೊನ್ನೆಗಿಂತ ಕೆಳಗೆ ಇಳಿದರೆ ಸಾಕು, ಬೆಳಿಗ್ಗೆ ಚಿಗುರು ಬಿಸಿನೀರು ಹೊಯ್ದ ಹಾಗೆ ಕಪ್ಪಗಾಗಿರುತ್ತದೆ. ತಣ್ಣನೆಯ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಅದಕ್ಕೆ ಒಳ್ಳೆಯ ತೋಟಗಳೆಲ್ಲ ಇಳಿಜಾರಿನಲ್ಲಿವೆ, ಕಣಿವೆಯ ತಳದಲ್ಲಿ ಕುರಿ ಮೇಯುತ್ತವೆ. ಎತ್ತರದ ಕಂಬಕ್ಕೆ ದೊಡ್ಡ ಫ್ಯಾನು ಕಟ್ಟಿ ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗೆ ತಳ್ಳುವವರೂ ಉಂಟು. ರಾತ್ರಿ ಎರಡು ಗಂಟೆಗೆ ಅದು ತಿರುಗಿದರೆ ಹೆಲಿಕಾಪ್ಟರ್ ಇಳಿದಂತೆ ಸದ್ದು. ಆಲಿಕಲ್ಲಿನ ಭಯ ಅಲ್ಲಿಯೂ ಇದೆ. ಹಕ್ಕಿಗಳಿಗೆ ಇಡೀ ಸಾಲಿಗೆ ಬಲೆ ಹೊದಿಸುತ್ತಾರೆ.

ಆದರೆ ಅಲ್ಲಿಯವರು ಮಾತಿನ ನಡುವೆ ತಟ್ಟನೆ ಸುಮ್ಮನಾಗುವುದು 2020 ಎಂದಾಗ. 2019ರ ಕೊನೆಯಲ್ಲಿ ಹತ್ತಿದ ಕಾಳ್ಗಿಚ್ಚು ತಿಂಗಳುಗಟ್ಟಲೆ ಉರಿಯಿತು. ಆರೆಂಜ್‌ನ ದ್ರಾಕ್ಷಿ ತೋಟಗಳಿಗೆ ಬಂದದ್ದು ಬೆಂಕಿಯಲ್ಲ, ಹೊಗೆ. ಹೊಗೆಯಲ್ಲಿರುವ ಗ್ವಯಕಾಲ್‌ನಂಥ ವಸ್ತುಗಳನ್ನು ಹಣ್ಣು ಹೀರಿಕೊಂಡು ಸಕ್ಕರೆಯ ಜೊತೆ ಕಟ್ಟಿಹಾಕಿಬಿಡುತ್ತದೆ. ಹಣ್ಣು ತಿಂದರೆ ಏನೂ ತಿಳಿಯುವುದಿಲ್ಲ. ರಸ ಹುದುಗುವಾಗ ಆ ಗಂಟು ಬಿಚ್ಚುತ್ತದೆ. ಇನ್ನೂ ಉಳಿದದ್ದು ಕುಡಿದವನ ಬಾಯಲ್ಲೇ ಬಿಚ್ಚುತ್ತದೆ. ಮೂಸಿದಾಗ ಚೆನ್ನಾಗಿದ್ದ ವೈನ್ ನುಂಗಿದ ಮೇಲೆ ಆರಿದ ಒಲೆಯ ಬೂದಿ ನೆಕ್ಕಿದ ಹಾಗಾಗುತ್ತದೆ. ಕೆಂಪು ವೈನ್ ಸಿಪ್ಪೆಯ ಜೊತೆಯೇ ಹುದುಗುವುದರಿಂದ ಅದಕ್ಕೆ ಪೆಟ್ಟು ಹೆಚ್ಚು. ನೋಡಲು ಹೊಳೆಯುವ, ರೋಗವಿಲ್ಲದ ಗೊಂಚಲುಗಳನ್ನು ಆ ವರ್ಷ ಹಲವರು ಕೊಯ್ಯಲೇ ಇಲ್ಲ. ಅದಕ್ಕೆ ಆರೆಂಜ್‌ನ 2020ರ ಕೆಂಪು ವೈನ್ ಅಂಗಡಿಯಲ್ಲಿ ಅಪರೂಪ.

ನಾನು ಹೋದದ್ದು ಅದಾದ ಮೇಲಿನ ವರ್ಷಗಳಲ್ಲಿ. ನಮ್ಮ ಮೇಲ್ವಿಚಾರಕ ಎಲ್ಲಾದರೂ ಕಸ ಸುಟ್ಟ ಹೊಗೆ ಕಂಡರೂ ಕೆಲಸ ನಿಲ್ಲಿಸಿ ಅದು ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡುತ್ತಿದ್ದ.

ನಂದಿ_ತಪ್ಪಲು (ಗುರುವಾರ ರಾತ್ರಿ)

ಹಣ್ಣು ಚೆನ್ನಾಗಿದ್ದೂ ಕೊಯ್ಯಬಾರದೆಂದರೆ ಅದನ್ನು ನೋಡಿಕೊಂಡು ಹೇಗೆ ಇರುವುದು? ರೋಗ ಬಂದದ್ದಾದರೆ ಕಿತ್ತು ಎಸೆಯಬಹುದು.

ಪ್ಯಾರಾಮಟ್ಟಾ_ಪಯಣಿಗ (ಶುಕ್ರವಾರ ಸಂಜೆ)

ಈ ಶನಿವಾರ ಮತ್ತೆ ಹೊರಟಿದ್ದೇವೆ, ಮಾವನವರ ಹಟ. ಯಾವ ತೋಟ, ಯಾವ ವೈನ್ ಎಂದು ಸಲಹೆ ಕೊಡಿ. ಅಲ್ಲದೆ ಹೆಂಡತಿ ಅಂಗಡಿಯಲ್ಲಿ 'ಆರೆಂಜ್ ವೈನ್' ಎಂದು ಕೇಳಿದ್ದಕ್ಕೆ ಮಬ್ಬು ಮಬ್ಬಾದ, ಚಹಾ ಬಣ್ಣದ್ದೇನನ್ನೋ ಕೊಟ್ಟರು. 42 ಡಾಲರ್ ತೆತ್ತು ತಂದೆವು. ಒಗರು ಎಂದರೆ ಒಗರು, ನೆಲ್ಲಿಕಾಯಿ ಕಚ್ಚಿದ ಹಾಗೆ. ಇದೇ ಆ ಊರಿನ ವಿಶೇಷವೋ?

ಕೊಯ್ಲಿನ_ಕೈ (ಶುಕ್ರವಾರ ರಾತ್ರಿ)

ನಿಮ್ಮ ಮನೆಯವರು ಎಲ್ಲರೂ ಬೀಳುವ ಹಳ್ಳಕ್ಕೇ ಬಿದ್ದಿದ್ದಾರೆ. ಬಿಳಿ ದ್ರಾಕ್ಷಿಯನ್ನು ಕೆಂಪಿನ ಹಾಗೆ ಸಿಪ್ಪೆಯ ಜೊತೆ ಹುದುಗಿಸಿದರೆ ಆ ಬಣ್ಣ, ಆ ಒಗರು ಬರುತ್ತದೆ. ಅದನ್ನು ಲೋಕವೆಲ್ಲ ಆರೆಂಜ್ ವೈನ್ ಎನ್ನುತ್ತದೆ. ಆರೆಂಜ್ ಊರಿನವರಿಗೆ ಇದೊಂದು ತಲೆನೋವು. ನೀವು ತಂದದ್ದು ಯಾವ ಊರಿನದು ಎಂದು ಸೀಸೆಯ ಹಿಂದೆ ನೋಡಿ, ಆರೆಂಜ್‌ನದಾಗಿರಲೇಬೇಕು ಎಂದೇನಿಲ್ಲ.

ಸಲಹೆ ಎಂದರೆ ನನ್ನ ಇಷ್ಟದ್ದನ್ನು ಹೇಳಬಲ್ಲೆ. ಬ್ಲಡ್‌ವುಡ್‌ನಿಂದ ಶುರು ಮಾಡಿ. 1983ರಲ್ಲಿ ಸೇಬಿನ ಸೀಮೆಯಲ್ಲಿ ವೈನ್ ದ್ರಾಕ್ಷಿ ನೆಟ್ಟು ಈಗಿನ ಆರೆಂಜ್‌ಗೆ ದಾರಿ ಹಾಕಿದವರು ಅವರು. ಅವರ ತಿಳಿಗೆಂಪು ವೈನ್‌ಗೆ 'ಬಿಗ್ ಮೆನ್ ಇನ್ ಟೈಟ್ಸ್' ಎಂದು ಹೆಸರು. ಬಿಗಿ ಚಡ್ಡಿಯ ದಡೂತಿ ಗಂಡಸರು ಎಂದು ಮಾವನವರಿಗೆ ಅನುವಾದಿಸುವ ಹೊಣೆ ನಿಮ್ಮದು. ಆಮೇಲೆ ಫಿಲಿಪ್ ಶಾ. ರೋಸ್‌ಮೌಂಟ್‌ನಂಥ ದೊಡ್ಡ ಕಂಪನಿಯ ಮುಖ್ಯ ವೈನ್ ತಯಾರಕರಾಗಿದ್ದವರು 1980ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದು ನೆಟ್ಟರು ಎಂದ ಮೇಲೆಯೇ ಉಳಿದವರು ತಿರುಗಿ ನೋಡಿದ್ದು. ಅವರ ಹೆಸರಿನ 11ನೇ ನಂಬರಿನ ಶಾರ್ಡೊನೆ, 89ನೇ ನಂಬರಿನ ಶಿರಾಜ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗುಳ್ಳೆಯೇಳುವ ವೈನ್ ಬೇಕಿದ್ದರೆ ಪ್ರಿಂಥಿಯವರ 'ಸ್ವಿಫ್ಟ್'. ಎತ್ತರದ ತೋಟಗಳಿಗೆ ಅದೇ ಸಹಜವಾದ ಕೆಲಸ ಎಂದು ನನ್ನ ಅಭಿಪ್ರಾಯ, ಹುಳಿ ಇಲ್ಲದೆ ಗುಳ್ಳೆಯ ವೈನ್ ಆಗುವುದಿಲ್ಲ.

ಊಟಕ್ಕೆ: ರೀಸ್ಲಿಂಗ್ ಒಂದನ್ನು ಮನೆಗೆ ತಂದು ನಿಂಬೆಹಣ್ಣಿನ ಚಿತ್ರಾನ್ನದ ಜೊತೆ ಕುಡಿಯಿರಿ. ತಿನ್ನುವುದು ಕುಡಿಯುವುದಕ್ಕಿಂತ ಹುಳಿಯಾಗಿದ್ದರೆ ವೈನ್ ಸಪ್ಪೆಯಾಗುತ್ತದೆ. ಆರೆಂಜ್‌ನ ರೀಸ್ಲಿಂಗ್ ಚಿತ್ರಾನ್ನಕ್ಕೂ ಜಗ್ಗುವುದಿಲ್ಲ. ಒಗರಿನ ಕೆಂಪು ವೈನನ್ನು ಖಾರದ ಕೋಳಿಸಾರಿನ ಜೊತೆ ಇಡಬೇಡಿ, ಖಾರ ಎರಡಷ್ಟಾಗುತ್ತದೆ.

ಇನ್ನೊಂದು ಮಾತು. ಅಪ್ಪಣೆ ಕೇಳದೆ ಬಳ್ಳಿಯ ಸಾಲಿನೊಳಗೆ ಕಾಲಿಡಬೇಡಿ. ಬೇರು ತಿನ್ನುವ ಫಿಲಾಕ್ಸೆರಾ ಎಂಬ ಕೀಟ ಸಿಡ್ನಿಯ ಸುತ್ತ ಇದೆ ಎಂದು ಗುರುತಿಸಿದ್ದಾರೆ, ಅದು ಬೂಟಿನ ಮಣ್ಣಿನಲ್ಲೂ ಪ್ರಯಾಣ ಮಾಡುತ್ತದೆ. ಫೋಟೊಕ್ಕಾಗಿ ಸಾಲಿಗೆ ನುಗ್ಗುವವರನ್ನು ಕಂಡರೆ ತೋಟದವರ ಮುಖ ಏಕೆ ಗಂಟಾಗುತ್ತದೆ ಎಂದು ನನಗೆ ಅಲ್ಲಿ ಕೆಲಸ ಮಾಡಿದ ಮೇಲೆಯೇ ತಿಳಿದದ್ದು.

ಲೆಕ್ಕ_ಪಕ್ಕಾ (ಶುಕ್ರವಾರ ರಾತ್ರಿ)

ಉಗುಳುವುದನ್ನು ಮರೆಯಬೇಡಿ. ಕಾರು ಓಡಿಸುವವರ ರಕ್ತದಲ್ಲಿ ಮದ್ಯಸಾರಕ್ಕೆ 0.05ರ ಮಿತಿ, ಹೊಸ ಲೈಸೆನ್ಸಿನವರಿಗೆ ಸೊನ್ನೆ. ಇಲ್ಲವಾದರೆ ಸಿಡ್ನಿಯಿಂದ ಡಬ್ಬೊಗೆ ಹೋಗುವ ರೈಲು ಆರೆಂಜ್‌ನಲ್ಲಿ ನಿಲ್ಲುತ್ತದೆ. ಮಾವನವರು ಊರಿಗೆ ಸೀಸೆ ಒಯ್ಯುವುದಾದರೆ ಸುಂಕವಿಲ್ಲದೆ ತಲೆಗೆ ಎರಡು ಲೀಟರ್, ಅಂದರೆ 750 ಮಿಲಿಯ ಎರಡು ಸೀಸೆ. ಅವರು ಕುಡಿಯುವುದಿಲ್ಲವೆಂದರೆ ನನಗೆ ಹೇಳಿ, ಮುಂದಿನ ತಿಂಗಳು ತುಮಕೂರಿನ ಕಡೆ ಬರುತ್ತಿದ್ದೇನೆ.

ಪ್ಯಾರಾಮಟ್ಟಾ_ಪಯಣಿಗ (ಭಾನುವಾರ ರಾತ್ರಿ)

ಹೋಗಿ ಬಂದೆವು. ಹೆಂಡತಿಗೆ ರೀಸ್ಲಿಂಗ್ ಸಿಕ್ಕಿತು, ಇವತ್ತು ಚಿತ್ರಾನ್ನವೂ ಆಯಿತು. ಕೊಯ್ಲಿನ_ಕೈ ಅವರ ಮಾತು ನಿಜ. ಶಿರಾಜ್‌ನಲ್ಲಿ ನನಗೆ ಮೆಣಸು ಬಂತು, ಅವಳಿಗೆ ಬರಲಿಲ್ಲ. ಮೆಣಸಿನ_ಬಳ್ಳಿ ಅವರಿಗೆ ಒಬ್ಬರು ಜೊತೆಗಾರರು ಸಿಕ್ಕರು.

ಮಾವನವರಿಗೆ ಹುಣಸೆ_ಮೇಷ್ಟರ ಉತ್ತರ ಒಪ್ಪಿಗೆಯಾಗಿದೆ. "ಎತ್ತರ ಒಂದು ಅಳತೆ, ಅಕ್ಷಾಂಶ ಇನ್ನೊಂದು. ಎರಡೂ ಇಲ್ಲದೆ ಜಾಗ ಗುರುತಿಸಿದವನು ಸರ್ವೇಯರ್ ಅಲ್ಲ" ಎಂದರು. ತಾವೇ ಮೊದಲು ಹೇಳಿದ್ದು ಎನ್ನುವ ಹಾಗೆ. ಆದರೆ ತೋಟಗಳಲ್ಲಿ ಅವರು ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಮೊಲೊಂಗ್ ರಸ್ತೆಯಲ್ಲಿ ನನ್ನ ಮೊಬೈಲನ್ನು ಕೈಯಲ್ಲಿ ಹಿಡಿದು, ಎತ್ತರ ತೋರಿಸುವ ಅಂಕಿ ನೋಡುತ್ತಾ, "ನಿಧಾನ, 608... 604... ನಿಲ್ಲಿಸು" ಎಂದರು. ಕಾರು ನಿಲ್ಲಿಸಿದ ಕಡೆ ಬೇಲಿಯಾಚೆ ಹುಲ್ಲುಗಾವಲು, ನಾಲ್ಕು ಕುರಿಗಳು. ಕೆಳಗಿಳಿದು ರಸ್ತೆಬದಿಯಿಂದ ಒಂದು ಕಲ್ಲು ಎತ್ತಿ ಬೇಲಿಯ ಬುಡದಲ್ಲಿಟ್ಟು, ಫೋಟೊ ತೆಗೆಸಿಕೊಂಡರು.

ಫೋಟೊ ಹಾಕಬೇಡವೆಂದಿದ್ದಾರೆ. ಮೊಬೈಲಿನ ಅಳತೆಯಲ್ಲಿ ಹತ್ತು ಮೀಟರ್ ಆಚೀಚೆ ಇರಬಹುದಂತೆ.